ಕುರ್ಚಿ ಹಿಡಿಸುವ ಕಾರು

ಕೋವಿಡ್ ಕಾಟ ಮುಗಿದು ಮುಂಬಯಿ ಮತ್ತೆ ಲೋಕಲ್ ರೈಲಿನಲ್ಲಿ ಜೋತಾಡತೊಡಗಿದ್ದ ಕಾಲ. ವಾಹನ ವಿಮೆಯ ಸರ್ವೇಯರ್ ಕೆಲಸದಿಂದ ನಾನು ಆಗಷ್ಟೇ ನಿವೃತ್ತನಾಗಿದ್ದೆ. ಅಪಘಾತವಾದ, ನೀರಿಗೆ ಸಿಕ್ಕಿದ, ಬೆಂಕಿ ತಗುಲಿದ ಗಾಡಿಗಳನ್ನು ಪರೀಕ್ಷಿಸಿ, ನಷ್ಟ ಎಷ್ಟೆಂದು ವಿಮಾ ಕಂಪನಿಗೆ ವರದಿ ಕೊಡುವವನೇ ಸರ್ವೇಯರ್. ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದರಿಂದ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ನನ್ನನ್ನು ಕರೆಯತೊಡಗಿದರು. ಕರೆಯುತ್ತಾರೆ, ಚಹಾ ಕುಡಿಸುತ್ತಾರೆ, ಹೇಳಿದ್ದನ್ನು ಮಾತ್ರ ಕೇಳುವುದಿಲ್ಲ.

ಹಾಗೆ ಬಂದವರಲ್ಲಿ ರಾಜೇಸಾಬ್ ಒಬ್ಬರು. ವಿಜಯಪುರದ ಕಡೆಯವರು, ಸಾಂತಾಕ್ರೂಜ್‌ನಲ್ಲಿ ಏಸಿ ರಿಪೇರಿ ಕೆಲಸ. ನಮ್ಮ ಮನೆಯ ಏಸಿಯನ್ನೂ ಅವರೇ ನೋಡುತ್ತಿದ್ದರು. ಮಗಳು ಶಬಾನಾಗೆ ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಅವಳಿಗೆ ಮಾಟುಂಗದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಬೆಳಗಿನ ಲೋಕಲ್‌ಗೆ ಕುರ್ಚಿ ಹತ್ತಿಸುವುದು ಆಗದ ಮಾತು. ಆಟೋ ಹಿಡಿದರೆ ಅದು ಸಯನ್ ದಾಟುವಂತಿಲ್ಲ, ಅಲ್ಲಿಂದಾಚೆ ಆಟೋಗಳಿಗೆ ಪ್ರವೇಶವೇ ಇಲ್ಲ. ನಡುದಾರಿಯಲ್ಲಿ ಹುಡುಗಿಯನ್ನು ಇಳಿಸಿ ಟ್ಯಾಕ್ಸಿಗೆ ಹತ್ತಿಸಬೇಕು, ಕುರ್ಚಿ ಕಂಡರೆ ಟ್ಯಾಕ್ಸಿಯವರು ನಿಲ್ಲಿಸುವುದಿಲ್ಲ. ಕಾರು ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಮನೆ ಎನ್ನುವ ಪರಿಸ್ಥಿತಿ. ಕೈಯಲ್ಲಿದ್ದದ್ದು ಎರಡು ಲಕ್ಷ ರೂಪಾಯಿ, ಅದರ ಮೇಲೆ ಒಂದು ಪೈಸೆ ಇಲ್ಲ.

‘ಗಾಡಿ ನೋಡಲು ಬರುವಾಗ ಮಗಳನ್ನು ಕುರ್ಚಿ ಸಮೇತ ಕರೆದುಕೊಂಡು ಬನ್ನಿ’ ಎಂದು ಮೊದಲ ದಿನವೇ ಹೇಳಿದೆ. ಆದರೆ ನಮ್ಮವರಲ್ಲಿ ಒಂದು ಪದ್ಧತಿ ಇದೆ. ಕಾರು ನೋಡಲು ಗಂಡಸರ ದಂಡು ಹೋಗುತ್ತದೆ, ಅದರಲ್ಲಿ ಕೂರಬೇಕಾದವಳು ಮನೆಯಲ್ಲಿರುತ್ತಾಳೆ. ಮೊದಲ ಭಾನುವಾರ ರಾಜೇಸಾಬರ ಜೊತೆ ಬಂದವನು ಅವರ ಹೆಂಡತಿಯ ತಮ್ಮ, ಟೆಂಪೋ ಓಡಿಸುವ ಸಲೀಮ. ಎಲ್ಲ ಬಲ್ಲವನು.

‘ಹುಡುಗಿ ಎಲ್ಲಿ?’ ಎಂದೆ.

‘ಬಿಸಿಲಾಗ ಯಾಕ ತ್ರಾಸ ಕೊಡೂದು ಸರ, ಸಲೀಮ ಬಂದಾನಲ್ರಿ’ ಎಂದರು.

ಅವತ್ತಿನ ಗಾಡಿ ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಸೀಟ್ ಬೆಲ್ಟನ್ನು ತುದಿಯವರೆಗೂ ಎಳೆದೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ. ಮಳೆನೀರಿನಲ್ಲಿ ಮುಳುಗಿದ್ದ ಗಾಡಿ. ಎಷ್ಟೇ ತೊಳೆದರೂ ಬೆಲ್ಟಿನ ಹೊಟ್ಟೆಯನ್ನು ಯಾರೂ ತೊಳೆಯುವುದಿಲ್ಲ. ಬೇಡವೆಂದೆ. ಸಲೀಮನಿಗೆ ಸಮಾಧಾನವಾಗಲಿಲ್ಲ, ‘ಕಲರ್ ಮಸ್ತ್ ಇತ್ರೀ’ ಎಂದು ಗೊಣಗಿದ.

ಮರುವಾರ ನಾನೇ ಒಂದು ಗಾಡಿ ಹುಡುಕಿದೆ. ನಮ್ಮ ಪಕ್ಕದ ಸೊಸೈಟಿಯಲ್ಲಿದ್ದ ನಿವೃತ್ತ ಟೀಚರ್ ಒಬ್ಬರದು. ಎತ್ತರದ ಬಾಗಿಲು, ಅಗಲದ ಡಿಕ್ಕಿ, ಸರ್ವೀಸಿನ ರಸೀದಿಗಳೆಲ್ಲ ಭದ್ರ. ಬೆಲೆಯೂ ಬಜೆಟ್ಟಿನೊಳಗೆ. ಕಣ್ಣು ಮುಚ್ಚಿ ತಗೊಳ್ಳಿ ಎಂದೆ. ರಾಜೇಸಾಬರು ಹ್ಞೂಂ ಅನ್ನುವಷ್ಟರಲ್ಲಿ ಸಲೀಮ ಕೇಳಿದ, ‘ಸಿಎನ್‌ಜಿ ಅದ ಏನ್ರೀ?’

ಇಲ್ಲ, ಬರೀ ಪೆಟ್ರೋಲ್. ಅಲ್ಲಿಗೆ ಮುಗಿಯಿತು. ಪೆಟ್ರೋಲಿಗಿಂತ ಅಗ್ಗವಾದ ಆ ಗ್ಯಾಸ್ ಇಲ್ಲದ ಕಾರನ್ನು ಮುಂಬಯಿಯಲ್ಲಿ ಯಾರಾದರೂ ಕೊಳ್ಳುತ್ತಾರೆಯೇ ಎಂದು ಅವನು ಭಾಷಣ ಶುರುಮಾಡಿದ. ‘ದಿನಾ ಹೋಗಿ ಬರಬೇಕಲ್ರಿ ಸರ, ನಮ್ಮಂಥವ್ರಿಗೆ ಹೆಂಗ ಪೂರೈಸ್ತದ?’ ಎಂದು ರಾಜೇಸಾಬರೂ ಹಿಂಜರಿದರು. ಅವರ ಕಷ್ಟ ನನಗೆ ಅರ್ಥವಾಗದ್ದಲ್ಲ. ಆದರೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಕಾಲೇಜು ಶುರುವಾಗುವ ಹೊತ್ತಿಗೆ ರಾಜೇಸಾಬರ ಫೋನ್ ಬಂತು. ‘ಸರ, ಟೋಕನ್ ಕೊಟ್ಟೀವ್ರಿ. ಸಿಎನ್‌ಜಿ ಗಾಡಿ. ಒಮ್ಮೆ ಬಂದು ನೋಡ್ರಲಾ.’ ನನಗೆ ಮೈಯೆಲ್ಲ ಉರಿಯಿತು. ಮುಂಗಡ ಕೊಟ್ಟ ಮೇಲೆ ನಾನು ನೋಡುವುದೇನು, ಆರತಿ ಎತ್ತುವುದೇ? ‘ಮಗಳನ್ನು ಕರೆತಂದರೆ ಮಾತ್ರ ಬರುತ್ತೇನೆ’ ಎಂದು ಫೋನಿಟ್ಟೆ.

ಸಾಂತಾಕ್ರೂಜ್‌ನ ಡೀಲರ್ ಅಂಗಳಕ್ಕೆ ಈ ಸಲ ಶಬಾನಾ ಬಂದಿದ್ದಳು, ಜೊತೆಗೆ ಅವಳ ತಾಯಿ. ಬಾನೆಟ್ ಎತ್ತಿ ನೋಡಿದೆ, ಓಡಿಸಿದೆ, ಕಾಗದಪತ್ರ ತಿರುವಿದೆ. ಸಿಟ್ಟಿನಲ್ಲಿ ತಪ್ಪು ಹುಡುಕಲು ಹೊರಟವನಿಗೆ ಒಂದೂ ಸಿಗಲಿಲ್ಲ. ಸಲೀಮನ ಮುಖ ಅರಳಿತು. ಆಗ ಶಬಾನಾ ತಂದೆಯ ಕಡೆ ತಿರುಗಿ ತನ್ನ ತಡವರಿಸುವ ಕನ್ನಡದಲ್ಲಿ ಕೇಳಿದಳು, ‘ಅಬ್ಬಾ, ಮೇರಾ ಚೇರ್... ಎಲ್ಲಿ ಇಡೋದು?’

ಡಿಕ್ಕಿ ತೆರೆದೆ. ಅಡ್ಡಲಾಗಿ ಮಲಗಿತ್ತು ಗ್ಯಾಸ್ ಸಿಲಿಂಡರ್. ಮಿಕ್ಕ ಜಾಗದಲ್ಲಿ ಒಂದು ತರಕಾರಿ ಚೀಲ ಹಿಡಿಸಿದರೆ ಪುಣ್ಯ.

ಕುರ್ಚಿ ಮಡಚಿ ಹಿಂದಿನ ಸೀಟಿಗೆ ತುರುಕಿದೆವು. ಹೋಯಿತು, ಆದರೆ ಮುಂದೆ ತಂದೆ ಮಗಳು ಕೂತರೆ ತಾಯಿಗೆ ಜಾಗ ಉಳಿಯಲಿಲ್ಲ. ಮಗಳನ್ನು ಬಿಟ್ಟು ತಂದೆ ಕೆಲಸಕ್ಕೆ ಓಡುವವರು, ದಿನವಿಡೀ ಅವಳ ಜೊತೆಗಿರಬೇಕಾದವರು ತಾಯಿಯೇ. ‘ಊಪರ್ ಕ್ಯಾರಿಯರ್ ಲಗಾ ದೋ’ ಎಂದ ಡೀಲರ್. ಗಾಡಿ ನಿಲ್ಲಿಸಲು ಜಾಗವಿಲ್ಲದ ಕಾಲೇಜಿನೆದುರು ತಂದೆ ಸ್ಟೀರಿಂಗ್ ಬಿಟ್ಟು ಇಳಿಯುವಂತಿಲ್ಲ, ಅಷ್ಟು ಭಾರದ ಕುರ್ಚಿಯನ್ನು ಆ ತಾಯಿ ಒಬ್ಬರೇ ಟಾಪಿಗೆ ಏರಿಸಿ ಇಳಿಸುತ್ತಾರೆಯೇ? ಟೋಕನ್ ವಾಪಸ್ ಕೇಳಿದ್ದಕ್ಕೆ ಅವನು ಮುಖ ತಿರುಗಿಸಿದ. ಅಲ್ಲಿಂದಲೇ ಟೀಚರಿಗೆ ಫೋನ್ ಮಾಡಿದೆ. ಅವರ ಕಾರು ಹಿಂದಿನ ದಿನವಷ್ಟೇ ಮಾರಾಟವಾಗಿತ್ತು. ನಾನು ಸಲೀಮನ ಕಡೆ ನೋಡಲಿಲ್ಲ, ನೋಡಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ.

ಕಾಲೇಜು ಶುರುವಾದ ಮೇಲೆ, ಟೋಕನ್ ಕಳೆದು ಉಳಿದ ದುಡ್ಡಿಗೆ ಸಿಕ್ಕಿದ್ದು ಒಂದು ಹಳೆಯ ಪೆಟ್ರೋಲ್ ಗಾಡಿ. ಸೈಲೆನ್ಸರ್‌ಗೆ ತುಕ್ಕು, ಎಂಜಿನ್ನಿನಿಂದ ಎಣ್ಣೆ ಜಿನುಗು, ಒಂದು ಬಾಗಿಲಿಗೆ ಬೇರೆಯದೇ ಬಣ್ಣ. ನನಗೆ ಮನಸ್ಸಿರಲಿಲ್ಲ. ಇನ್ನೊಂದು ವಾರ ಹುಡುಕೋಣ ಎಂದು ದೋಷಗಳನ್ನೆಲ್ಲ ಹೇಳತೊಡಗಿದೆ. ಅಷ್ಟರಲ್ಲಿ ಶಬಾನಾಳನ್ನು ಮುಂದಿನ ಸೀಟಿಗೆ ದಾಟಿಸಿದ ತಾಯಿ, ಕುರ್ಚಿ ಮಡಚಿ ಒಬ್ಬರೇ ಡಿಕ್ಕಿಗೆ ತಳ್ಳಿ ಬಾಗಿಲು ಹಾಕಿದರು. ಅದು ಟಪ್ಪೆಂದು ಕೂತಿತು.

ಶಬಾನಾ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು, ‘ಅಂಕಲ್, ಎಂಜಿನ್ ರಿಪೇರಿ ಆಗ್ತದಲ್ಲಾ?’

‘ಆಗುತ್ತಮ್ಮ, ಖರ್ಚಿದೆ.’

‘ಡಿಕ್ಕಿ ದೊಡ್ಡ ಮಾಡೋಕೆ ಆಗಲ್ಲ ನಾ? ಬಸ್, ಇದೇ ಬೇಕು. ಸೋಮವಾರ ನಂಗೆ ಕ್ಲಾಸ್ ಇದೆ.’

ಆ ಗಾಡಿಯ ಎಣ್ಣೆ ಜಿನುಗನ್ನು ನನ್ನ ಪರಿಚಯದ ಗ್ಯಾರೇಜಿನವನಿಂದ ನಿಲ್ಲಿಸಿಕೊಟ್ಟೆ. ಅವಳ ಸೋಮವಾರದ ಕ್ಲಾಸು ತಪ್ಪಲಿಲ್ಲ. ಈಗಲೂ ಕಾರು ತೋರಿಸಲು ಜನ ಕರೆಯುತ್ತಾರೆ, ಈಗಲೂ ಮೊದಲು ಕೇಳುವುದು ಸಿಎನ್‌ಜಿ ಇದೆಯಾ ಎಂದೇ. ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಕಾರಿನಲ್ಲಿ ಕೂರಬೇಕಾದವರು ಎದುರು ಬಂದು ನಿಲ್ಲುವ ತನಕ ಬಾನೆಟ್ಟಿಗೆ ಕೈ ಹಾಕುವುದಿಲ್ಲ. ನಿಲ್ಲಲಾಗದವರಿದ್ದರೆ ನಾನೇ ಅವರ ಮನೆಗೆ ಹೋಗುತ್ತೇನೆ.