ನಾನು ಮಾಡದ ಫೋನು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತೆತ್ತಿದರೆ ನಾನು ಮೊದಲಿನಿಂದಲೂ ನಗುವವನೇ. ನಕ್ಕು ಸುಮ್ಮನಾಗುತ್ತಲೂ ಇರಲಿಲ್ಲ. ಹಾಗೆ ಹೇಳಿದವರ ದನಿಯನ್ನೇ ಕದ್ದು, ವೇದಿಕೆಯ ಮೇಲೆ ಅವರಂತೆಯೇ ನಡುಗಿ ತೋರಿಸಿ ಊರವರನ್ನೆಲ್ಲ ನಗಿಸುತ್ತಿದ್ದೆ. ಅದು ನನ್ನ ಕಸುಬು. ಆದ್ದರಿಂದ ಈಗ ಹೇಳಲಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದನ್ನು ನೆನೆದಾಗ ನನಗೆ ಭಯವಾಗುವುದಿಲ್ಲ, ಹೇಸಿಗೆಯಾಗುತ್ತದೆ. ಅದೂ ನನ್ನ ಮೇಲೆಯೇ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಬಿಡದಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆಗಳು ಏಳುತ್ತಿದ್ದವು. ನಾನು ರಾಮನಗರದಲ್ಲಿ ಮನೆ ಮಾಡಿಕೊಂಡು ಮಿಮಿಕ್ರಿ, ನಗೆ ಕಾರ್ಯಕ್ರಮ, ಡಬ್ಬಿಂಗ್ ಎಂದು ಸಿಕ್ಕಿದ್ದನ್ನೆಲ್ಲ ಮಾಡುತ್ತಿದ್ದೆ. ಬೆಂಗಳೂರಿನ ಸ್ಟುಡಿಯೋಗಳಿಗೆ ಹೋಗಿ ಸೀರಿಯಲ್ಲಿನ ಪೋಸ್ಟ್‌ಮ್ಯಾನಿಗೆ, ಪೇದೆಗೆ, ಒಂದೇ ಸೀನಿನಲ್ಲಿ ಸಾಯುವ ತಾತನಿಗೆ ದನಿ ಕೊಡುತ್ತಿದ್ದೆ. ಊರ ಕಡೆ ಬಂದರೆ ಹೊಸ ಬಡಾವಣೆಗಳ ಪ್ರಚಾರ. ಆಟೋಗೆ ಮೈಕು ಕಟ್ಟಿ, ನನ್ನ ಕ್ಯಾಸೆಟ್ಟು ಹಾಕಿಕೊಂಡು ಮಾಗಡಿಯಿಂದ ಕನಕಪುರದವರೆಗೆ ಸುತ್ತುತ್ತಿದ್ದರು. ಇನ್ನು ಕೆಲವೇ ಸೈಟುಗಳು ಉಳಿದಿವೆ, ತಡಮಾಡಬೇಡಿ ಎಂದು ರಾಗಿ ಹೊಲಗಳ ನಡುವೆ ನನ್ನ ದನಿ ಕೂಗಿಕೊಂಡು ಹೋಗುವುದನ್ನು ಬಸ್ಸಿನ ಕಿಟಕಿಯಿಂದ ಕೇಳಿ ನಾನೇ ಮೀಸೆ ತಿರುವಿಕೊಂಡಿದ್ದೇನೆ.

ವೇದಿಕೆಯ ಮೇಲೆ ಏನು ಮಾಡುತ್ತಿದ್ದೆ ಎನ್ನುವುದನ್ನೂ ಹೇಳಿಬಿಡಬೇಕು. ಕುಡುಕರು, ಕಿವುಡರು, ಗಂಡನಿಗೆ ಹೊಡೆಯುವ ದಪ್ಪ ಹೆಂಗಸರು. ನಮ್ಮ ಬೀದಿಯಲ್ಲಿ ಒಬ್ಬ ಟೈಲರ್ ಇದ್ದ, ಪಾಪ, ತೊದಲುತ್ತಿದ್ದ. ಅವನು ಗಿರಾಕಿಯ ಅಳತೆ ಹೇಳುವುದನ್ನು ನಾನು ಹತ್ತು ನಿಮಿಷದ ಐಟಂ ಮಾಡಿಕೊಂಡಿದ್ದೆ. ಗಣಪತಿ ಹಬ್ಬದ ಪೆಂಡಾಲಿನಲ್ಲಿ ಅವನು ಮುಂದಿನ ಸಾಲಿನಲ್ಲೇ ಕೂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಮಾರನೇ ದಿನದಿಂದ ನನ್ನ ಜೊತೆ ಮಾತು ಬಿಟ್ಟ. ಅವನಿಗೆ ಹೊಟ್ಟೆಕಿಚ್ಚು ಎಂದು ನಾನು ಹೆಂಡತಿಯ ಮುಂದೆ ಹೇಳಿಕೊಂಡೆ. ಥೂ, ಈಗ ಅದನ್ನು ಬರೆಯುವಾಗಲೂ ಬಾಯಿ ಕಹಿಯಾಗುತ್ತದೆ.

ಆ ದಿನಗಳಲ್ಲೇ ನನ್ನನ್ನು ಹುಡುಕಿಕೊಂಡು ರೇವಣ್ಣ ಬಂದ. ಬಿಡದಿಯಿಂದ ಒಳಗಿರುವ ಒಂದು ಹಳ್ಳಿಯವನು, ಜಮೀನಿನ ಬ್ರೋಕರ್. ಬಿಳಿ ಶರ್ಟು, ಬಿಳಿ ಪ್ಯಾಂಟು, ಎರಡು ಕೈಗೂ ಉಂಗುರ. ಚನ್ನಪಟ್ಟಣದಲ್ಲಿ ನನ್ನ ಕಾರ್ಯಕ್ರಮ ನೋಡಿದ್ದನಂತೆ. ಅವನ ದೊಡ್ಡಪ್ಪನ ಮಗ ಪುಟ್ಟಸ್ವಾಮಿ, ಎಲ್ಲರೂ ಸ್ವಾಮಿ ಎನ್ನುತ್ತಿದ್ದರು, ಲಾರಿ ಡ್ರೈವರ್. ತಿಂಗಳ ಹಿಂದೆ ಹುಬ್ಬಳ್ಳಿ ರಸ್ತೆಯಲ್ಲಿ ಲಾರಿ ಮಗುಚಿ ತೀರಿಕೊಂಡಿದ್ದ. ಅವನ ತಾಯಿ ನಿಂಗಮ್ಮನಿಗೆ ಎರಡೂ ಕಣ್ಣಿಲ್ಲ, ಎದೆಯೂ ನಾಜೂಕು. ಮಗ ಸತ್ತಾಗ ಆಕೆ ಸೋಲೂರಿನಲ್ಲಿ ಮಗಳ ಮನೆಯಲ್ಲಿದ್ದಳು. ಹೇಳಿದರೆ ಮುದುಕಿಯೂ ಹೋಗಿಬಿಡುತ್ತಾಳೆಂದು ಮನೆಯವರೆಲ್ಲ ಸೇರಿ ಸಾವನ್ನೇ ಮುಚ್ಚಿಟ್ಟಿದ್ದರು.

ಮುಚ್ಚಿಡುವುದೆಂದರೆ ಸುಮ್ಮನಲ್ಲ. ಸ್ವಾಮಿಯ ಹೆಂಡತಿ ಜಯಮ್ಮ ಅತ್ತೆಯನ್ನು ನೋಡಿಕೊಳ್ಳಲು ಸೋಲೂರಿಗೆ ಬಂದಿದ್ದಳು. ಕಣ್ಣಿಲ್ಲದವರಿಗೆ ಕಿವಿ ಚುರುಕು ನೋಡಿ. ಬಳೆಯ ಸದ್ದು ನಿಂತರೆ ಮುದುಕಿಗೆ ಗೊತ್ತಾಗುತ್ತದೆಂದು, ಕುಂಕುಮ ಅಳಿಸಿದ ಮೇಲೂ ಆಕೆಯ ಕೈಯಿಂದ ಗಾಜಿನ ಬಳೆ ತೆಗೆಸಿರಲಿಲ್ಲ. ಮುದುಕಿಯದು ಮಾತ್ರ ದಿನವೂ ಒಂದೇ ಹಟ: ಮಗನ ಫೋನು ಯಾಕೆ ಬರುತ್ತಿಲ್ಲ?

"ಒಸಿ ಅವನಂಗೆ ಮಾತಾಡ್ಬುಡಿ ಸಾರ್. ಮುದುಕಿ ಎರಡು ತುತ್ತು ಉಣ್ತಾಳೆ. ಪುಣ್ಯದ ಕೆಲ್ಸ" ಎಂದ ರೇವಣ್ಣ. ಬಿಡದಿಯ ದೊಡ್ಡ ಕಂಪನಿಯೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಹಾಕಿಸುವುದಾಗಿಯೂ ಸೇರಿಸಿದ. ಎರಡು ಸಾವಿರ ಜನ ಕೂರುವ ಆ ಶಾಮಿಯಾನದ ಮೇಲೆ ನನಗೆ ಎಷ್ಟು ದಿನದಿಂದ ಕಣ್ಣಿತ್ತೆಂದು ಅವನಿಗೆ ಹೇಗೆ ಗೊತ್ತಾಯಿತೋ. ಸ್ವಾಮಿಯ ದನಿ ಬೇಕಲ್ಲ ಎಂದೆ. ರೇವಣ್ಣ ಸ್ವಾಮಿಯ ತಂಗಿಯ ಮದುವೆಯ ಸೀಡಿ ತಂದುಕೊಟ್ಟ. ಅದರಲ್ಲಿ ಸ್ವಾಮಿ ಊಟದ ಪಂಕ್ತಿಯ ನಡುವೆ ಓಡಾಡುತ್ತಾ, ಆ ಸಾಲಿಗೆ ಅನ್ನ ತಕ್ಕೊಂಡೋಗ್ರಲಾ ಎಂದು ಕೂಗುತ್ತಿದ್ದ. ಕ್ಯಾಮೆರಾದವನನ್ನು ಎಲೆಯ ಮುಂದೆ ಎಳೆದು ಕೂರಿಸುತ್ತಿದ್ದ. ಸ್ವಲ್ಪ ಒಡಕು ದನಿ, ಮಾತಿನ ಕೊನೆಗೊಂದು ನಗು. ಎರಡು ದಿನದಲ್ಲಿ ನನ್ನ ಗಂಟಲಿಗೆ ಕೂತಿತು.

ಆಗಿನ್ನೂ ನನ್ನ ಹತ್ತಿರ ಮೊಬೈಲು ಇರಲಿಲ್ಲ. ರಾಮನಗರದ ಸ್ಟೇಷನ್ ರಸ್ತೆಯಲ್ಲಿ ಚಂದ್ರು ಎಂಬವನ ಎಸ್‌ಟಿಡಿ ಬೂತಿತ್ತು, ಅದರಲ್ಲೇ ಜೆರಾಕ್ಸ್ ಅಂಗಡಿ. ಗಾಜಿನ ಗೂಡಿನ ಬಾಗಿಲು ಮುರಿದಿದ್ದರಿಂದ ಒಳಗೆ ಆಡಿದ್ದೆಲ್ಲ ಅವನಿಗೆ ಕೇಳುತ್ತಿತ್ತು. ಮೊದಲ ಸಲ ಫೋನು ಎತ್ತಿದ್ದು ಜಯಮ್ಮ. ನಾನು ಯಾರೆಂದು ನೆಟ್ಟಗೆ ಹೇಳಿ, ನಿಂಗಮ್ಮನಿಗೆ ಕೊಡಿ ಎನ್ನಬಹುದಿತ್ತು. ಹಾಗೆ ಮಾಡಲಿಲ್ಲ. ನನ್ನ ಕೈಚಳಕ ಪರೀಕ್ಷಿಸಿ ನೋಡೋಣವೆಂದು ಸ್ವಾಮಿಯ ದನಿಯಲ್ಲೇ "ಹಲೋ, ನಾನು ಕಣೆ" ಎಂದುಬಿಟ್ಟೆ. ಆ ಕಡೆ ಬಳೆಗಳು ಒಮ್ಮೆ ಸದ್ದು ಮಾಡಿದವು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅಳುವ ಸದ್ದು. ಆಗ ನನಗೆ ಏನನ್ನಿಸಿತು ಗೊತ್ತೇ? ಭಲೇ, ಹೆಂಡತಿಯೇ ಬೆಚ್ಚಿದಳು ಎಂದು ಖುಷಿಯಾಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಿಂಗಮ್ಮ ಮಾತಾಡಿದಳು. ಹೆಚ್ಚೇನಿಲ್ಲ, ಯಾವ ಊರಲ್ಲಿದ್ದೀಯ, ಯಾವಾಗ ಬತ್ತೀಯ, ಅಷ್ಟೇ. ಗುಜರಾತಿನ ಕಡೆ ಲೋಡು ಸಿಕ್ಕಿದೆ, ತಡವಾಗುತ್ತದೆ ಎಂದೆ. "ಆಯ್ತು ಕಣಪ್ಪ, ಉಸಾರು" ಎಂದು ಇಟ್ಟಳು. ವಾರ ಬಿಟ್ಟು ಇನ್ನೊಮ್ಮೆ ಮಾಡಿದೆ. ಮುದುಕಿ ಈಗ ಸರಿಯಾಗಿ ಉಣ್ಣುತ್ತಿದ್ದಾಳೆ ಎಂದು ರೇವಣ್ಣ ಹೇಳಿದ. ನಾನು ದೊಡ್ಡ ಧರ್ಮಾತ್ಮನ ಹಾಗೆ ತಲೆಯಾಡಿಸಿದೆ.

ಮೂರನೆಯ ಫೋನಿನ ಹೊತ್ತಿಗೆ ರೇವಣ್ಣನ ಗಂಟು ಬಿಚ್ಚಿಕೊಂಡಿತು. ಹಳ್ಳಿಯಲ್ಲಿ ಮುದುಕಿಯ ಹೆಸರಿನಲ್ಲಿ ಮೂರೆಕರೆ ಇತ್ತು. ಕಾರ್ಖಾನೆಯ ರಸ್ತೆ ಅದರ ಅಂಚಿಗೇ ಬಂದಿತ್ತು. ಅದನ್ನು ಮಾರುವ ಅಧಿಕಾರ ರೇವಣ್ಣನದು ಎಂಬ ಕಾಗದಕ್ಕೆ ಆಕೆಯ ಹೆಬ್ಬೆಟ್ಟು ಬೇಕು. ಮಗ ಹೇಳದೆ ಒತ್ತುವುದಿಲ್ಲ ಎಂದು ಆಕೆ ಕೂತಿದ್ದಳು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತಾನು ಕಾಗದ, ಮಸಿ ಹಿಡಿದುಕೊಂಡು ಸೋಲೂರಿನಲ್ಲಿ ಆಕೆಯ ಪಕ್ಕ ಕೂತಿರುತ್ತೇನೆ, ನೀವು ಸ್ವಾಮಿಯಾಗಿ ಒತ್ತು ಎಂದರೆ ಸಾಕು ಎಂದ. ಆ ನೆಲ ಹೋದರೆ ಜಯಮ್ಮನಿಗೂ ಅವಳ ಸಣ್ಣ ಮಗಳಿಗೂ ನಿಲ್ಲಲು ಜಾಗವಿಲ್ಲ ಎನ್ನುವುದು ದಡ್ಡನಿಗೂ ತಿಳಿಯುವಂಥ ಮಾತು. ನನಗೂ ತಿಳಿಯಿತು. ಊರ ಉಸಾಬರಿ ನನಗೇಕೆ, ನಾನು ದನಿ ಕೊಡುವವನು ಅಷ್ಟೇ ಎಂದುಕೊಂಡೆ. ವಾರ್ಷಿಕೋತ್ಸವಕ್ಕೆ ಇನ್ನು ಹತ್ತೇ ದಿನವಿತ್ತು.

ಸೋಮವಾರ ನಾನು ಕನಕಪುರದಲ್ಲಿದ್ದೆ. ಅಲ್ಲಿನ ಕಾಲೇಜಿನಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ವೇದಿಕೆಯ ಮೇಲಿದ್ದವನು, ಊಟ ಮಾಡಿ ಸಂಜೆಯ ಬಸ್ಸಿಗೆ ವಾಪಸಾದೆ. ಇದನ್ನು ನೆನಪಿಟ್ಟುಕೊಳ್ಳಿ.

ಮಂಗಳವಾರ ಹನ್ನೊಂದಕ್ಕೆ ಬೂತಿಗೆ ಹೋದೆ. ರೇವಣ್ಣನೇ ಫೋನೆತ್ತಿ ಮುದುಕಿಯ ಕೈಗೆ ಕೊಟ್ಟ. ನಾನು ಗಂಟಲು ಸರಿಮಾಡಿಕೊಂಡು, ಅವ್ವ, ರೇವಣ್ಣ ತಂದಿರೋ ಕಾಗದಕ್ಕೆ ಹೆಬ್ಬೆಟ್ಟು ಒತ್ತು, ನಾನು ಎಲ್ಲ ನೋಡಿದ್ದೀನಿ ಎಂದೆ. ಕೊನೆಗೊಂದು ನಗುವನ್ನೂ ಸೇರಿಸಿದೆ.

"ಯಾಕ್ಲಾ ಮಗ" ಎಂದಳು ನಿಂಗಮ್ಮ. "ನೆನ್ನೆ ತಾನೆ ನೀನೇ ಫೋನ್ ಮಾಡಿ, ಯಾರು ಏನಂದ್ರೂ ಒತ್ತಬ್ಯಾಡ ಕಣವ್ವ, ಅದು ಜಯಂಗೂ ಮಗಿಗೂ ಇರ್ಲಿ ಅಂದ್ಯಲ್ಲ. ಒಂದಿನಕ್ಕೇ ಮಾತು ತಿರುಗಿಸ್ಬುಟ್ಯಾ? ನೆನ್ನೆ ಉಂಡ್ಯಾ ಅವ್ವ ಅಂತ ನೀನು ಕೇಳ್ದೆ. ಇವತ್ತು ಅದೂ ಕೇಳ್ನಿಲ್ಲ."

ಆ ಕಡೆ ರೇವಣ್ಣ ಏನೋ ಗದರುತ್ತಿದ್ದ. "ನನ್ ಮಗ ಬ್ಯಾಡ ಅಂದವ್ನೆ, ನಾನು ಒತ್ತಾಕಿಲ್ಲ" ಎಂದು ಮುದುಕಿ ಫೋನು ಇಟ್ಟುಬಿಟ್ಟಳು. ರಿಸೀವರ್ ಹಿಡಿದು ನಿಂತ ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಪಶ್ಚಾತ್ತಾಪವೂ ಅಲ್ಲ. ಸ್ವಾಮಿಯ ದನಿಯನ್ನು ನನಗಿಂತ ಚೆನ್ನಾಗಿ ಮಾಡುವವನು ಈ ಸೀಮೆಯಲ್ಲಿ ಯಾವನಿದ್ದಾನೆ ಎಂಬ ಹೊಟ್ಟೆಕಿಚ್ಚು. ಕಲಾವಿದನಂತೆ, ಕಲಾವಿದ!

ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತಿದ್ದಾಗ ಚಂದ್ರು ಕೇಳಿದ, "ಏನ್ ಸಾರ್, ಇವತ್ತು ಬೇಗ ಮುಗೀತು? ನೆನ್ನೆ ಇಷ್ಟೊತ್ತಲ್ಲಿ ಬಾಳ ಹೊತ್ತು ಮಾತಾಡಿದ್ರಿ." ನೆನ್ನೆ ನಾನು ಬಂದೇ ಇಲ್ಲವಲ್ಲ ಎಂದೆ. ಅವನು ನಕ್ಕ. "ಜೆರಾಕ್ಸ್ ರಷ್ ಇತ್ತು, ಬೆನ್ನು ತಿರುಗಿಸ್ಕೊಂಡಿದ್ದೆ, ಮುಖ ನೋಡ್ನಿಲ್ಲ. ಆದ್ರೆ ದನಿ ಅದೇ, ನೀವು ಮಾಡ್ತೀರಲ್ಲ ಆ ಡ್ರೈವರ್ ದನಿ. ನೆನ್ನೆ ಒಸಿ ಕೆಮ್ಮು ಜಾಸ್ತಿ ಇತ್ತು ನಿಮಗೆ."

ರೇವಣ್ಣ ಮನೆಗೇ ಬಂದು ಬಾಯಿಗೆ ಬಂದಂತೆ ಬೈದ. ಮುದುಕಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಕೊಟ್ಟವನು ನಾನೇ ಎಂದು ಅವನ ನಂಬಿಕೆ. ವಾರ್ಷಿಕೋತ್ಸವ ಕೈತಪ್ಪಿತು. ಬೇರೆ ಯಾರಾದರೂ ಮಾಡಿರಬಹುದೇ ಎಂದು ನಾನು ಬಹಳ ಯೋಚಿಸಿದೆ. ಸೀಡಿ ನನ್ನ ಮನೆಯ ಬೀರುವಿನಲ್ಲಿತ್ತು. ಈ ನಾಲ್ಕು ತಾಲ್ಲೂಕಿನಲ್ಲಿ ಮಿಮಿಕ್ರಿ ಮಾಡುವವರು ಮೂರು ಮತ್ತೊಬ್ಬರು, ಎಲ್ಲರೂ ನನಗೆ ಗೊತ್ತು. ಅವರಿಗೆ ಸ್ವಾಮಿ ಯಾರೆಂದೇ ಗೊತ್ತಿಲ್ಲ. ಮುದುಕಿಯೇ ಉಪಾಯ ಮಾಡಿ ಸುಳ್ಳು ಹೇಳಿದಳೆಂದರೆ, ಚಂದ್ರು ಕೇಳಿದ್ದೇನು?

ಐದಾರು ವರ್ಷವಾದ ಮೇಲೆ ನಿಂಗಮ್ಮ ತೀರಿಕೊಂಡಳೆಂದು ಕೇಳಿ ತಿಥಿಯ ದಿನ ಅವರ ಹಳ್ಳಿಗೆ ಹೋದೆ. ಯಾಕೆ ಹೋದೆನೋ, ಹೋಗದೆ ಇರಲಾಗಲಿಲ್ಲ. ಮೂರೆಕರೆ ಹಾಗೆಯೇ ಇತ್ತು, ಹಿಪ್ಪುನೇರಳೆ ಎದೆಯುದ್ದ ಬೆಳೆದಿತ್ತು. ಅದರಾಚೆ ಕಾರ್ಖಾನೆಯ ಕಾಂಪೌಂಡು. ಜಯಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಬಳೆ ಇರಲಿಲ್ಲ. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದಳು, ಮಾತಾಡಿದ ಕೂಡಲೇ; ಆಟೋ ಮೈಕಿನಲ್ಲಿ ಕೂಗುವವನೇ ಆ ಫೋನಿನವನು ಎಂದು ರೇವಣ್ಣ ಹೇಳಿದ್ದನಂತೆ. ಊಟದ ನಂತರ ಹಿತ್ತಲ ಕಡೆ ಕೈ ತೊಳೆಯುತ್ತಿದ್ದಾಗ ಹತ್ತಿರ ಬಂದಳು.

"ಅವ್ವಂಗೆ ಮೊದಲ್ನೇ ದಿನಾನೇ ಗೊತ್ತಾಗೋಗಿತ್ತು, ಅದು ಅವ್ರಲ್ಲ ಅಂತ" ಎಂದಳು. "ಅವ್ವ ಫೋನ್ ಎತ್ತುತ್ತಲೂ ಅವರು ಉಂಡ್ಯಾ ಅವ್ವ ಅನ್ನೋರು. ನೀವು ಅನ್ನಲಿಲ್ಲ. ನಮ್ಮ ಮನಸು ನೋಯ್ತದೆ ಅಂತ ಅವ್ವ ಗೊತ್ತಿಲ್ದಂಗೇ ಇದ್ದುಬುಡ್ತು."

ನಾನು ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದು, ಚೊಂಬು ಹಿಡಿದು ನಿಂತೆ.

"ಸೋಮವಾರದ ಫೋನ್ ಎತ್ತಿದ್ದು ನಾನು" ಎಂದಳು. "ನನ್ನ ಹೆಸರು ಹಿಡಿದು ಕರೆದ್ರು. ಮನೇಲಿ ನಾವಿಬ್ಬರೇ ಇದ್ದಾಗ ಕರೆಯೋ ಹೆಸರು. ನಾನು ನೀವೇ ಅಂದ್ಕೊಂಡೆ. ಥೂ, ಈ ಮನುಷ್ಯ ಆ ಹೆಸರ್ನೂ ಕದ್ದ, ಎಲ್ಲಿಗಂಟ ಬಂದ ಅಂತ ಹೇಸಿಗೆ ಆಗೋಯ್ತು. ಒಂದು ಮಾತೂ ಆಡ್ದೆ ಅವ್ವನ ಕೈಗೆ ಕೊಟ್ಬುಟ್ಟೆ. ಸುಳ್ಳು ಹೇಳ್ಬ್ಯಾಡಿ ಅಣ್ಣ. ಅದು ನೀವೇ ತಾನೆ?"

ಆಕೆಗೆ ಯಾವ ಉತ್ತರ ಬೇಕಿತ್ತೆಂದು ನನಗೆ ಅರ್ಥವಾಯಿತು. ನಾನೇ ಆಗಿದ್ದರೆ ಆಕೆ ಗಂಡನಿಗೆ ಮುಖ ತಿರುಗಿಸಲಿಲ್ಲ ಎಂದಾಗುತ್ತದೆ. ಜೀವಮಾನವೆಲ್ಲ ಸುಳ್ಳು ದನಿಯಲ್ಲಿ ಬದುಕಿದವನಿಗೆ ಇದೊಂದು ಸುಳ್ಳು ಹೇಳುವುದು ಕಷ್ಟವೇ? ಹೌದಮ್ಮ, ನಾನೇ ಎಂದೆ.

ಜಯಮ್ಮ ನನ್ನ ಮುಖವನ್ನೇ ನೋಡಿದಳು.

"ಹಂಗಾದ್ರೆ ಹೇಳಿ, ನನ್ನ ಏನಂತ ಕರೆದ್ರಿ?"

ಆ ಹೆಸರು ನನಗೆಲ್ಲಿ ಗೊತ್ತು? ಆಕೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ತೊಟ್ಟಿಯಲ್ಲಿ ಎರಡು ಸಲ ಅದ್ದಿ ತೊಳೆದು ಒಳಗೆ ಹೋದಳು.

ಆ ಸೋಮವಾರ ಬೂತಿಗೆ ಬಂದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಈಗಲೂ ಪೋಸ್ಟ್‌ಮ್ಯಾನಿಗೆ, ಪೇದೆಗೆ, ಸಾಯುವ ತಾತನಿಗೆ ದನಿ ಕೊಡುತ್ತೇನೆ, ಹೊಟ್ಟೆಪಾಡು ನಡೆಯಬೇಕಲ್ಲ. ಸ್ವಾಮಿಯ ದನಿ ಮಾತ್ರ ಆ ಮಂಗಳವಾರದ ನಂತರ ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಎಲ್ಲಿಂದ ತಂದಿದ್ದೆನೋ ಅಲ್ಲಿಗೇ ವಾಪಸು ಹೋಯಿತು ಎಂದುಕೊಳ್ಳುತ್ತೇನೆ. ಆದರೆ ಜಯಮ್ಮ ಗಂಡನಿಗೆ ಆಡಬೇಕಿದ್ದ ಆ ಒಂದು ಮಾತನ್ನು ನಾನು ಕಿತ್ತುಕೊಂಡೆನಲ್ಲ, ಅದನ್ನು ಯಾರಿಗೆ, ಹೇಗೆ ವಾಪಸು ಕೊಡಲಿ?