ಹಾಲಸ್ವಾಮಿಯ ಕಣ್ಣಿನ ಎರೆಭೂತ

ಆದೋನಿಯಲ್ಲಿ ರುದ್ರೇಶನ ಸ್ಟುಡಿಯೋ ಗೊತ್ತಿಲ್ಲದವರು ಯಾರಾದರೂ ಇದ್ದರೆ, ಅವರ ಮನೆಯಲ್ಲಿ ಇನ್ನೂ ಯಾರೂ ಸತ್ತಿಲ್ಲ ಎಂದೇ ತಿಳಿಯಬೇಕು. ಮದುವೆ, ನಾಮಕರಣಕ್ಕೆ ಫೋಟೋದವರು ಬೇಕಾದಷ್ಟಿದ್ದಾರೆ, ಡ್ರೋನ್ ಹಾರಿಸುವವರೂ ಇದ್ದಾರೆ. ಕಣ್ಣು ತೆರೆಸುವ ಕೆಲಸ ಮಾತ್ರ ರುದ್ರೇಶನದೇ. ಬದುಕಿದ್ದಷ್ಟು ದಿನ ಒಂದು ಫೋಟೋ ತೆಗೆಸಿಕೊಳ್ಳದ ಮುದುಕರು ಈ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರು ತೀರಿಕೊಂಡ ಮೇಲೆ ಮನೆಯವರಿಗೆ ಜ್ಞಾನೋದಯವಾಗುತ್ತದೆ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಬರುತ್ತಾರೆ. ರುದ್ರೇಶ ಕಂಪ್ಯೂಟರಿನಲ್ಲಿ ಅದಕ್ಕೆ ಕಣ್ಣು ತೆರೆಸಿ, ಬಣ್ಣ ತುಸು ಬೆಳ್ಳಗೆ ಮಾಡಿ, ಕಟ್ಟು ಹಾಕಿಸಿ ಕೊಡುತ್ತಾನೆ.

ಆ ಕಣ್ಣುಗಳು ಎಲ್ಲಿಂದ ಬರುತ್ತವೆ ಎಂದು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಅವು ರುದ್ರೇಶನ ಅಪ್ಪ ಹಾಲಸ್ವಾಮಿಯವು. ಸ್ಟುಡಿಯೋ ಕಟ್ಟಿದ ಹಾಲಸ್ವಾಮಿ ಒಂದು ದಿನ ಮಧ್ಯಾಹ್ನ ಹಸಿದುಕೊಂಡು ಕೂತಿದ್ದಾಗ, ಹೊಸ ಲೈಟು ಸರಿಯಿದೆಯೇ ಎಂದು ನೋಡಲು ತೆಗೆದ ಫೋಟೋ ಅದು. ಕಣ್ಣುಗಳು ಅಷ್ಟು ಸ್ಪಷ್ಟವಾಗಿ ಬಂದದ್ದು ಮತ್ತೆ ಯಾವ ಫೋಟೋದಲ್ಲೂ ಇಲ್ಲ. ಹೀಗಾಗಿ ಗೋನೆಗಂಡ್ಲದಿಂದ ಪೆದ್ದಹರಿವಾಣಂವರೆಗೆ ನೂರಾರು ಮನೆಗಳ ಗೋಡೆಯ ಮೇಲೆ ಸತ್ತ ಹಿರಿಯರು ಊಟಕ್ಕೆ ಕರೆಯುವುದನ್ನೇ ಕಾಯುವವರ ಹಾಗೆ ನೋಡುತ್ತಾರೆ. ಪಾಪ, ಮನೆಯವರು ಎಡೆ ಇಡುವಾಗ ಒಂದು ಹೋಳಿಗೆ ಹೆಚ್ಚೇ ಇಡುತ್ತಾರೆ.

ಹಾಲಸ್ವಾಮಿ ಮಗನಿಗೆ ಹೇಳಿಕೊಟ್ಟ ನೇಮ ಒಂದೇ: ಕಣ್ಣು ತೆರೆಸಿದ ಮೇಲೆ ಕಣ್ಣು ಮುಚ್ಚಿದ ಫೋಟೋ ಉಳಿಯಕೂಡದು. ಉಳಿದರೆ ಆ ಮನುಷ್ಯ ಎರಡು ಸಲ ಸತ್ತಂತೆ. ಅಪ್ಪನ ಕಾಲದಲ್ಲಿ ನೆಗೆಟಿವ್ ಸುಡುತ್ತಿದ್ದರು, ಮಗ ಒಂದು ಬಟನ್ ಒತ್ತುತ್ತಾನೆ.

ವಾರವೆಲ್ಲ ಸತ್ತವರ ಜೊತೆ ಕೂತು ಬೇಸರವಾಗಿಯೋ ಏನೋ, ರುದ್ರೇಶ ಭಾನುವಾರ ಬಂತೆಂದರೆ ಉದ್ದ ಲೆನ್ಸು ಹೆಗಲಿಗೆ ಹಾಕಿಕೊಂಡು ಬೀಳು ಹೊಲಗಳಿಗೆ ಹೋಗಿಬಿಡುತ್ತಿದ್ದ. ಕೌಜುಗ, ನವಿಲು, ಜಿಂಕೆ, ಒಮ್ಮೊಮ್ಮೆ ತೋಳ, ಕಂಡದ್ದನ್ನೆಲ್ಲ ಕ್ಯಾಮರಾದಲ್ಲಿ ಹಿಡಿಯುತ್ತಿದ್ದ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದ. ಹನ್ನೊಂದು ಕೌಜುಗ ಕಣ್ಣಿಗೆ ಬಿದ್ದು ಹನ್ನೆರಡನೆಯದು ಪೊದೆಯೊಳಗೆ ಸದ್ದು ಮಾತ್ರ ಮಾಡಿದ್ದರೆ ಹನ್ನೊಂದು ಎಂದೇ ಬರೆಯುತ್ತಿದ್ದ. ಸತ್ತವರ ವಿಷಯದಲ್ಲಿ ಅಷ್ಟು ಸಲೀಸಾಗಿದ್ದ ಮನುಷ್ಯ ಹಕ್ಕಿಗಳ ವಿಷಯದಲ್ಲಿ ಭಾರಿ ಕಟ್ಟುನಿಟ್ಟು.

ಅಂಥವನು ಮೂರು ವರ್ಷದ ಹಿಂದೆ ಪೆದ್ದಹರಿವಾಣಂ ಕಡೆಯ ಬೀಳಿನಲ್ಲಿ ಎರೆಭೂತ ಕಂಡೆ ಎಂದ. ಸೊಂಟದೆತ್ತರ ನಿಲ್ಲುವ ಹಕ್ಕಿ, ಬಿಳಿ ಕತ್ತು, ತಲೆಗೆ ಕರಿ ಟೋಪಿ. ದೇಶದಲ್ಲೇ ಬೆರಳೆಣಿಕೆಯಷ್ಟು ಉಳಿದಿದೆಯಂತೆ. ಕರ್ನೂಲಿನ ಪಕ್ಷಿ ಸಂಘದ ಉದಯಕುಮಾರ್ ಅವನ ಪತ್ರ ಓದಿ, ಹೆಣ್ಣು ನವಿಲಿರಬೇಕು ಎಂದು ಒಂದೇ ಸಾಲಿನಲ್ಲಿ ಮುಗಿಸಿದ. ಮುಂದಿನ ವರ್ಷ ಬರೆದಾಗ ಆ ಒಂದು ಸಾಲೂ ಬರಲಿಲ್ಲ. ಹನ್ನೆರಡನೆಯ ಕೌಜುಗವನ್ನೂ ಬರೆಯದವನಿಗೆ ಸುಳ್ಳುಗಾರ ಅನ್ನಿಸಿಕೊಳ್ಳುವುದು ಎಂಥ ಸಂಕಟವೆಂದು ಬಿಡಿಸಿ ಹೇಳಬೇಕಿಲ್ಲ. ಕಂಡದ್ದು ನಿಜ ಎಂದು ಸಂಘದವರು ಒಮ್ಮೆ ಬರೆದುಕೊಳ್ಳಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

“ಇರೋ ಹಕ್ಕಿ ಎಲ್ಲಿಗೆ ಹೊಕ್ಕೈತ್ರೀ? ಅವ್ರು ನಂಬಿದ್ರ ಅದಕ್ಕ ಇನ್ನೊಂದು ರೆಕ್ಕಿ ಬರ್ತೈತೇನು?” ಎಂದು ಹೆಂಡತಿ ಶೋಭಾರಾಣಿ ಕೇಳುತ್ತಿದ್ದಳು.

“ನಿನಗ ಗೊತ್ತಾಗಂಗಿಲ್ಲ ಬಿಡು,” ಎನ್ನುತ್ತಿದ್ದ. ಅವಳಿಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು.

ಈ ವರ್ಷ ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಹಕ್ಕಿ ಸಿಕ್ಕಿತು. ಐವತ್ತು ಹೆಜ್ಜೆ ದೂರದಲ್ಲಿ, ಹುಲ್ಲಿನ ಮೇಲೆ ಕತ್ತೆತ್ತಿ ನಿಂತಿತ್ತು. ರುದ್ರೇಶ ಲೆನ್ಸು ಎತ್ತಿ ಒತ್ತಿದ್ದಕ್ಕೆ ಒಂದೇ ಒಂದು ಫೋಟೋ ಬಿತ್ತು. ಎರಡನೆಯದಕ್ಕೆ ಹಕ್ಕಿ ಇರಲಿಲ್ಲ. ಅಳುತ್ತಾ ನಗುತ್ತಾ ನೇರ ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ, ಆ ಒಂದು ಕ್ಷಣದಲ್ಲಿ ಹಕ್ಕಿ ಕಣ್ಣು ಮುಚ್ಚಿತ್ತು.

ಅದಕ್ಕೆ ಮೊದಲು ಅದೇ ಪರದೆಯ ಮೇಲೆ ಮೂರು ಜನ ಕಣ್ಣು ಮುಚ್ಚಿಕೊಂಡು ಸರದಿಯಲ್ಲಿ ಕಾಯುತ್ತಿದ್ದರು. ಸೋಮವಾರ ಬೆಳಿಗ್ಗೆ ಕೊಡಬೇಕಾದ ಕೆಲಸ. ರುದ್ರೇಶ ಒಬ್ಬೊಬ್ಬರದೇ ಕಣ್ಣು ತೆರೆಸಿದ, ಬೆಳ್ಳಗೆ ಮಾಡಿದ, ಹಳೆಯದನ್ನು ಅಳಿಸಿದ. ಮನಸ್ಸೆಲ್ಲ ಬೀಳಿನಲ್ಲೇ ಇತ್ತು, ಕೈ ತನ್ನಷ್ಟಕ್ಕೆ ನಡೆದಿತ್ತು. ನಾಲ್ಕನೆಯದಕ್ಕೂ ಕಣ್ಣು ತೆರೆಸಿತು, ಕತ್ತು ಇನ್ನಷ್ಟು ಬೆಳ್ಳಗೆ ಮಾಡಿತು, ಹಳೆಯದನ್ನು ಅಳಿಸಿತು. ಕ್ಯಾಮರಾದ ಕಾರ್ಡನ್ನೂ ಖಾಲಿ ಮಾಡಿತು, ಅದೂ ಅಪ್ಪನ ನೇಮವೇ. ಫೋಟೋ ಕರ್ನೂಲಿಗೆ ಹೋದ ಮೇಲೆ ಊಟಕ್ಕೆ ಕೂತು, ಎರಡನೆಯ ತುತ್ತಿಗೆ ಅವನಿಗೆ ಹಕ್ಕಿಗೂ ಅಪ್ಪನ ಕಣ್ಣು ಇಟ್ಟದ್ದು ನೆನಪಾಯಿತು. ಎಂಜಲು ಕೈಯಲ್ಲೇ ಎದ್ದು ಹೋಗಿ ಹುಡುಕಿದ, ಹಳೆಯದು ಎಲ್ಲೂ ಉಳಿದಿರಲಿಲ್ಲ.

ಉದಯಕುಮಾರ್ ಸಂಜೆಯೊಳಗೆ ಫೋನು ಮಾಡಿದ. ಎಮ್ಮಿಗನೂರಿನಲ್ಲಿ ಹುಟ್ಟಿ ಕರ್ನೂಲಿನಲ್ಲಿ ಬೆಳೆದವನು, ಸಿಟ್ಟು ಬಂದಾಗ ತೆಲುಗಿನಿಂದ ಕನ್ನಡಕ್ಕೆ ದಾಟುತ್ತಿದ್ದ.

“ಏಮಂಡಿ ರುದ್ರೇಶಗಾರು, ಈ ಹಕ್ಕಿಗೆ ರೆಪ್ಪಿಗೂದಲು ಅದಾವಲ್ರೀ.”

“ಹಕ್ಕಿ ಖರೇನ ಐತ್ರಿ. ಕಣ್ಣು ಮಾತ್ರ…”

“ಕಣ್ಣು ಮಾತ್ರ ಯಾರೋ ಐವತ್ತು ವರ್ಷದ ಮನಷ್ಯಾಂದು. ಒರಿಜಿನಲ್ ಕಳಸ್ರಿ.”

ಒರಿಜಿನಲ್ ಎಲ್ಲಿಂದ ಬರಬೇಕು. ಹೋಗಲಿ ಎಂದು ಬಿಡುವಂತೆಯೂ ಇರಲಿಲ್ಲ, ಯಾಕೆಂದರೆ ಸಂಘದಲ್ಲಿ ಯಾರೋ ತಮಾಷೆಗೆಂದು ಆ ಫೋಟೋವನ್ನು ವಾಟ್ಸಾಪಿನಲ್ಲಿ ಹರಿಯಬಿಟ್ಟಿದ್ದರು. ಅದು ಕರ್ನೂಲಿನಿಂದ ಹೊರಟು, ಎಮ್ಮಿಗನೂರು ದಾಟಿ, ಹಳ್ಳಿಹಳ್ಳಿ ತಿರುಗಿತು. ಮೂರನೆಯ ದಿನ ಗೋನೆಗಂಡ್ಲದಿಂದ ಗಾದಿಲಿಂಗ ಎನ್ನುವ ರೈತ ಸ್ಟುಡಿಯೋಕ್ಕೆ ಬಂದು, ಚಪ್ಪಲಿ ಹೊರಗೇ ಬಿಟ್ಟು, ಮೊಬೈಲು ಎರಡೂ ಕೈಯಲ್ಲಿ ಹಿಡಿದು ನಿಂತ.

“ನಮ್ಮಪ್ಪ ಎಲ್ಲಿ ಕಂಡ್ನಪ್ಪಾ ನಿನಗ?”

ರುದ್ರೇಶನಿಗೆ ಮೊದಲು ಅರ್ಥವಾಗಲಿಲ್ಲ. ಗಾದಿಲಿಂಗ ಬೆರಳಿನಲ್ಲಿ ಹಕ್ಕಿಯ ಮುಖ ಹಿಗ್ಗಿಸಿ ತೋರಿಸಿದ. “ಈ ಕಣ್ಣು ನಾ ದಿನಾ ಬೆಳಿಗ್ಗೆ ನೋಡ್ತೀನಿ. ದೇವರ ಮನ್ಯಾಗ ಅದಾನ.”

ಸತ್ತವರ ದಿನದ ಕೂಳಿಗೆ ಕಾಗೆ ಬರದಿದ್ದರೆ ಊರೆಲ್ಲ ಕಂಗಾಲಾಗುವ ಸೀಮೆ ಇದು. ಅಪ್ಪ ಕಾಗೆಯಾಗಿ ಬರಬಹುದಾದರೆ ಎರೆಭೂತವಾಗಿ ಯಾಕೆ ಬರಬಾರದು ಎಂದು ಜನ ಕೇಳಿದರೆ ತಪ್ಪೇನು. ಹತ್ತು ದಿನದಲ್ಲಿ ನಲವತ್ತು ಮನೆಯವರು ಹಕ್ಕಿ ತಮ್ಮ ಹಿರಿಯರದೇ ಎಂದರು. ಕೆಲವರು ಬೀಳಿನ ಅಂಚಿಗೆ ಹೋಗಿ ಎಲೆ ಹಾಕಿ ಅನ್ನ ಸಾರು ಬಡಿಸಿ ಬಂದರು. ಕೌಜುಗಕ್ಕೆ ಬಲೆ ಒಡ್ಡುತ್ತಿದ್ದವರು ಮಾವನೋ ಅಜ್ಜನೋ ಸಿಕ್ಕಿಬಿದ್ದಾನೆಂದು ಬಲೆ ಎತ್ತಿಟ್ಟರು. ಎಲ್ಲರೂ ಫೋಟೋದ ಜೊತೆಗೇ ಹರಿದುಬಂದಿದ್ದ ಉದಯಕುಮಾರನ ನಂಬರಿಗೆ ಫೋನು ಮಾಡಿ, ಹಕ್ಕಿ ಇರುವುದು ನಿಜ, ಅವನು ನಮ್ಮಪ್ಪ, ಬರೆದುಕೊಳ್ಳಿ ಎಂದು ಗಂಟುಬಿದ್ದರು. ನಂಬಬೇಕಾದವನು ಆ ಕಣ್ಣಿನಿಂದಾಗಿ ನಂಬುತ್ತಿಲ್ಲ, ಉಳಿದವರೆಲ್ಲ ಆ ಕಣ್ಣಿನಿಂದಾಗಿಯೇ ನಂಬಿದ್ದಾರೆ. ರುದ್ರೇಶ ಸ್ಟುಡಿಯೋದ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂರತೊಡಗಿದ.

ಕೊನೆಗೆ ಬಂದವಳು ಪೆದ್ದಹರಿವಾಣಂದ ಲಿಂಗಕ್ಕ. ಕುರಿ ಕಾಯುವವಳು. ಅವಳ ಗಂಡ ಪಂಪಣ್ಣ ಹೋದ ಬೇಸಿಗೆಯಲ್ಲಿ ತೀರಿಕೊಂಡಾಗ ಕಣ್ಣು ತೆರೆಸಿಕೊಟ್ಟವನು ರುದ್ರೇಶನೇ. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ.

“ಆ ಹಕ್ಕಿ ಮುಂಜಾಲೆ ಎಲ್ಲಿ ಬರ್ತೈತಿ ಅಂತ ನನಗ ಗೊತ್ತೈತಿ. ಕುರಿ ಹಿಂದ ಮಿಡತಿ ಏಳ್ತಾವಲ್ಲ, ಅದನ್ನ ತಿನ್ನಾಕ ಬರ್ತೈತಿ. ಇಷ್ಟ್ ದಿನ ಬರೇ ಹಕ್ಕಿ ಅಂತ ಸುಮ್ಕಿದ್ದೆ. ನಮ್ಮವ್ನ ಆಗಿದ್ರ ಹತ್ರದಿಂದ ಒಮ್ಮಿ ನೋಡ್ಬೇಕು. ನಿನ್ನ ದೊಡ್ಡ ದುರ್ಬೀನು ತಗೊಂಡ್ ಬಾ.”

ಅದೇ ವಾರ ಉದಯಕುಮಾರ್ ಫೋನುಗಳ ಕಾಟ ತಾಳಲಾರದೆ, ಮುಖದೆದುರು ಬೈದೇ ಹೋಗುತ್ತೇನೆಂದು ಆದೋನಿಗೆ ಬಂದಿಳಿದ. ಬೈಸಿಕೊಂಡಾದ ಮೇಲೆ ರುದ್ರೇಶ ಅವನನ್ನೂ ಬೀಳಿಗೆ ಕರೆದುಕೊಂಡು ಹೋದ. ಹೊತ್ತು ಮೂಡುವಷ್ಟರಲ್ಲಿ ಲಿಂಗಕ್ಕನೂ ಸೇರಿ ಮೂವರೂ ಜಾಲಿ ಗಿಡದ ಮರೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಕುರಿಗಳು ಮೇಯುತ್ತಾ ಮುಂದೆ ಸರಿದವು, ಮಿಡತೆಗಳು ಎದ್ದವು, ಹುಲ್ಲಿನೊಳಗಿಂದ ಹಕ್ಕಿ ನಡೆದುಬಂತು. ಅವಸರವೇನೂ ಇಲ್ಲದ ನಡಿಗೆ. ಉದಯಕುಮಾರ್ ರುದ್ರೇಶನ ಮೊಣಕೈ ಹಿಡಿದುಕೊಂಡ, ಅವನ ಕಣ್ಣಲ್ಲಿ ನೀರು ಬಂದಿತ್ತು. ರುದ್ರೇಶ ಈ ಸಲ ನಲವತ್ತಾರು ಫೋಟೋ ತೆಗೆದ. ಎಲ್ಲದರಲ್ಲೂ ಹಕ್ಕಿಯ ಕಣ್ಣು ಹಕ್ಕಿಯದೇ, ದುಂಡಗೆ, ತಿಳಿ ಹಳದಿ.

ಹಕ್ಕಿ ಹೋದ ಮೇಲೆ ಉದಯಕುಮಾರ್ ಕೈ ಮುಗಿದು ತಪ್ಪಾಯಿತು ಎಂದ. ಚೀಲದಿಂದ ಕಂಡ ಹಕ್ಕಿಗಳನ್ನು ದಾಖಲಿಸುವ ನಮೂನೆ ತೆಗೆದು ಬರೆಯಲು ಕೂತ. ಮೂರು ವರ್ಷ ಕಾದ ಗಳಿಗೆ. ರುದ್ರೇಶ ಕ್ಯಾಮರಾ ಕೆಳಗಿಟ್ಟು ಅವನು ಬರೆಯುವುದನ್ನೇ ನೋಡುತ್ತಾ ಕೂತ.

ಲಿಂಗಕ್ಕ ಮಾತ್ರ ಕ್ಯಾಮರಾದ ಹಿಂಬದಿಯ ಪರದೆಯನ್ನು ಬಿಡದೆ ನೋಡುತ್ತಿದ್ದಳು.

“ಇವ ಅಲ್ಲ. ಇದು ಯಾರೋ ಬ್ಯಾರೆ.”

ಉದಯಕುಮಾರ್ ಪೆನ್ನು ಎತ್ತಿದ. ಹಳೆಯ ಫೋಟೋದಲ್ಲಿ ಕಣ್ಣು ಕೆಟ್ಟಿದ್ದರೂ ಹಕ್ಕಿ ನಿಜವೇ ಇರಬೇಕೆಂದು ಈಗ ಅವನಿಗೂ ಒಪ್ಪಿಗೆಯಾಗಿತ್ತು. ನಮೂನೆಯಲ್ಲಿ ಹಿಂದೆ ಕಂಡದ್ದಕ್ಕೂ ಒಂದು ಜಾಗವಿತ್ತು. “ನೀವು ಹೇಳ್ರಿ ರುದ್ರೇಶ್ ಅವ್ರೇ. ಅವತ್ತು ಕಂಡಿದ್ದು, ಇವತ್ತು ಕಂಡಿದ್ದು, ಒಂದೇ ಹಕ್ಕೀನೋ, ಬ್ಯಾರೆ ಬ್ಯಾರೇನೋ?”

ಒಂದೇ. ಬಲ ರೆಕ್ಕೆಯ ಮುರಿದ ಗರಿ ಅವತ್ತಿನ ಫೋಟೋದಲ್ಲೂ ಇವತ್ತಿನದರಲ್ಲೂ ಇತ್ತು. ಹಾಗೆ ಹೇಳಿದರೆ ಆ ಕಣ್ಣು ಎಲ್ಲಿಂದ ಬಂತೆಂದು ಹೇಳಬೇಕು. ಪಂಪಣ್ಣನ ಕಣ್ಣು ಯಾರದೆಂದು ಹೇಳಬೇಕು. ದಿನಾ ಬೆಳಿಗ್ಗೆ ಲಿಂಗಕ್ಕ ಯಾರ ಮುಂದೆ ದೀಪ ಹಚ್ಚುತ್ತಿದ್ದಾಳೆ ಎಂದು ಹೇಳಬೇಕು. ರುದ್ರೇಶ ಅವಳ ಮುಖ ನೋಡಿದ. ಅವಳು ಹೆದರಿದ್ದಳು.

“ಬ್ಯಾರೆ,” ಎಂದ. “ಎರಡು ಅದಾವ್ರಿ.”

ಒಂದು ಇದೆ ಎಂದಾಗ ಮೂರು ವರ್ಷ ನಂಬದವನು, ಎರಡು ಎಂದ ಕೂಡಲೇ ಸಂತೋಷದಿಂದ ಬರೆದುಕೊಂಡು ಸಹಿಗೆ ಕಾಗದ ಚಾಚಿದ. ರುದ್ರೇಶ ಸಹಿ ಹಾಕಿದ.

“ಹಂಗಾದ್ರ ನಮ್ಮವ ಇನ್ನಾ ಇಲ್ಲೇ ಎಲ್ಲೋ ಅದಾನ,” ಎಂದಳು ಲಿಂಗಕ್ಕ.

“ಅದಾನ, ಲಿಂಗಕ್ಕ.”

ಅವಳು ಬುತ್ತಿ ಬಿಚ್ಚಿ ಒಂದು ರೊಟ್ಟಿಯನ್ನು ಮುರಿದು ಹುಲ್ಲಿನ ಮೇಲೆ ಇಟ್ಟು, ಕುರಿಗಳ ಹಿಂದೆ ಹೊರಟಳು.