ತಾಯತದ ಮೇಲೆ ಸುತ್ತಿದ ಪಟ್ಟಿ

ನಾನು ಐದನೇ ಕ್ಲಾಸಿನವರೆಗೆ ಓದಿದವಳು. ಔರಾದ ತಾಲೂಕಿನ ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿ. ಬೇಳೆ ಬೇಯಿಸುವುದು, ಮಕ್ಕಳ ಮೂಗು ಒರೆಸುವುದು, ತಿಂಗಳಿಗೊಮ್ಮೆ ಎಳೆಯ ಮಕ್ಕಳ ಎಡತೋಳಿಗೆ ದಪ್ಪ ಅಳೆಯುವ ಮೂರು ಬಣ್ಣದ ಪಟ್ಟಿ ಸುತ್ತುವುದು ನನ್ನ ಕೆಲಸ. ಹಸಿರು ಬಂದರೆ ಕೂಸು ಚೆನ್ನಾಗಿದೆ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ತಾಯಿ ಮಗು ಇಬ್ಬರೂ ಬೀದರಿನ ಆಸ್ಪತ್ರೆಗೆ ಹೋಗಿ ಹದಿನಾಲ್ಕು ದಿನ ಇರಬೇಕು. ಇಷ್ಟು ತಿಳಿಯಲು ಐದನೇ ಕ್ಲಾಸೂ ಬೇಕಿಲ್ಲ. ನಾನು ತಪ್ಪು ಮಾಡಿದ್ದು ತಿಳಿಯದೆ ಅಲ್ಲ.

ತಂಗಿಯನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಅವಳ ಗಂಡ ಬೀದರಿನ ಹತ್ತಿರದ ಕೊಳಾರದ ಕಾರ್ಖಾನೆಗೆ ಸೇರಿ ಅಲ್ಲೇ ಖೋಲಿ ಹಿಡಿದಾಗ, ಅವಳನ್ನೂ ಒಂದೂವರೆ ವರ್ಷದ ಮಗನನ್ನೂ ತವರಿಗೆ ಕರೆತರಲು ನಾನೇ ಹೋದೆ. ಅವಳ ಅತ್ತೆ ಎಂಥವಳೆಂದರೆ, ಮೊಮ್ಮಗನಿಗೆ ಮೂರು ಹೊತ್ತೂ ಚಹಾದಲ್ಲಿ ಅದ್ದಿದ ಬಿಸ್ಕೀಟು ತಿನ್ನಿಸಿ, ಅದನ್ನೇ ದೊಡ್ಡಸ್ತಿಕೆ ಅಂತ ಹೇಳಿಕೊಂಡು ತಿರುಗುವವಳು.

“ಒಯ್ರಿ, ಒಯ್ರಿ. ಅಂಗನವಾಡಿ ಬಾಯಿ ಮನಿ ಅದ. ಹುಡುಗ ಎಷ್ಟ್ ದಪ್ಪ ಆಗ್ತಾನ ನೋಡಮು” ಅಂದಳು ಬೀಗತಿ.

ತಿಂಗಳಾಗುತ್ತ ಬಂದರೂ ಹುಡುಗ ದಪ್ಪ ಆಗಲಿಲ್ಲ. ಬೇಳೆ ಅನ್ನ ಬಾಯಿಗಿಟ್ಟರೆ ಉಗುಳುತ್ತಿದ್ದ. ನಾನು ಎರಡು ದಿನ ಹೆಣಗಿ, ಅಳು ನಿಲ್ಲಲಿ ಅಂತ ಬಿಸ್ಕೀಟೇ ಕೊಟ್ಟೆ. ಊರ ಹೆಂಗಸರಿಗೆ ಮಾತ್ರ ಮೊಳಕೆ ಕಾಳು, ಮೊಟ್ಟೆ ಅಂತ ಭಾಷಣ ಬಿಗಿಯುತ್ತಿದ್ದೆ. ಬೀಗತಿಗಿಂತ ನಾನು ಯಾವುದರಲ್ಲಿ ಮೇಲು?

ಅಳತೆಯ ದಿನ ನಾನು ಬಣ್ಣ ನೋಡಿ ಕೂಗುವುದು, ಟೀಚರ್ ಮೊಬೈಲಿನಲ್ಲಿ ತುಂಬುವುದು ನಮ್ಮ ರೂಢಿ. ಹುಡುಗನ ತೋಳಿಗೆ ದೃಷ್ಟಿ ತಾಗದಿರಲಿ ಅಂತ ಕರಿದಾರದಲ್ಲಿ ಬೆಳ್ಳಿ ತಾಯತ ಕಟ್ಟಿದ್ದರು, ಹೆಬ್ಬೆರಳಿನಷ್ಟು ದಪ್ಪದ್ದು. ನಮ್ಮ ಕಡೆ ಅರ್ಧ ಮಕ್ಕಳಿಗೆ ಇದು ಇರುತ್ತದೆ. ಸರಿಸಿ, ಬರಿ ತೋಳಿಗೆ ಪಟ್ಟಿ ಹಾಕಬೇಕು. ಹಾಗೇ ಹಾಕಿದೆ. ಕೆಂಪು.

ಆಗ ನನ್ನ ಕಣ್ಣ ಮುಂದೆ ಬಂದದ್ದು ಕೂಸಲ್ಲ, ಬೀಗತಿಯ ಮುಖ. ತಾಯತವನ್ನು ಮತ್ತೆ ಮೊದಲಿನ ಜಾಗಕ್ಕೆ ಎಳೆದು, ಅದರ ಮೇಲೆಯೇ ಪಟ್ಟಿ ಸುತ್ತಿದೆ. ಸಡಿಲವಾಗಿ.

“ಹಸಿರು ರೀ ಟೀಚರ್.”

“ಖರೇನಾ? ಸೊರಗಿದಂಗ ಕಾಣ್ತಾನಲ್ಲ.”

“ಎಲುಬೇ ಸಣ್ಣವು ರೀ, ಅವರಪ್ಪನಂಗ.”

ತಂಗಿ ನಕ್ಕಳು. “ತಡಿ ಅಕ್ಕಾ, ನಮ್ಮತ್ತಿಗಿ ಫೋನ್ ಹಚ್ತೀನಿ.” ಹಚ್ಚಿ, ಹಸಿರು ಅಂತ ಎರಡೆರಡು ಸಲ ಹೇಳಿದಳು. ನನಗೆ ಖುಷಿಯಾಯಿತು. ಆ ಖುಷಿ ನೆನೆದರೆ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನ್ನಿಸುತ್ತದೆ.

ಮುಂದಿನ ಅಳತೆಯ ದಿನ ಬರುವುದರೊಳಗೆ ಹುಡುಗನಿಗೆ ವಾಂತಿಭೇದಿ ಶುರುವಾಯಿತು. ಕತ್ತು ಎತ್ತದಾದ. ಬೀದರಿಗೆ ಒಯ್ದೆವು. ಡಾಕ್ಟರಮ್ಮ ದಾರ ಕತ್ತರಿಸಿ ತಾಯತವನ್ನು ತಂಗಿಯ ಕೈಗಿಟ್ಟು, ಬರಿ ತೋಳು ಅಳೆದರು. ಹೋದ ತಿಂಗಳ ಬಣ್ಣ ಕೇಳಿದರು.

“ಹಸಿರು ಇತ್ರಿ, ನಮ್ಮಕ್ಕನೇ ಅಳದಾಳ” ಅಂದಳು ತಂಗಿ. “ಅಕಿ ಕೈ ತಪ್ಪಂಗಿಲ್ರಿ. ಈ ಭೇದಿಗೇ ಇಳದಾನ.”

“ನಾಲ್ಕು ದಿನದ ಭೇದಿಗೆ ತೋಳು ಇಷ್ಟು ಬತ್ತೋದಿಲ್ಲಮ್ಮ.” ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

ಹೇಳಬಹುದಿತ್ತು. ತಂಗಿ ನನ್ನನ್ನೇ ನೋಡುತ್ತಿದ್ದಳು.

“ಪಟ್ಟಿ ಹಳೇದಾಗ್ಯಾದ್ರಿ, ಬಣ್ಣ ಹೋಗ್ಯಾವ” ಅಂದೆ. “ಹೊಸಾದ್ ತರ್ರಿ ಅಂತ ಟೀಚರಿಗಿ ಹೇಳಿದ್ದೆ.”

ಎರಡು ದಿನ ಹುಡುಗ ಉಳಿಯುವ ಭರವಸೆ ಇರಲಿಲ್ಲ. ಆಮೇಲೆ ಚೇತರಿಸಿಕೊಂಡ. ಹದಿನಾಲ್ಕು ದಿನ ಅಲ್ಲ, ತಿಂಗಳೇ ಹಿಡಿಯಿತು. ತಂಗಿ ವಾರ್ಡಿನ ಹೆಂಗಸರಿಗೆಲ್ಲ, ಅಕ್ಕ ಇಲ್ಲದಿದ್ದರೆ ನನ್ನ ಮಗ ಇರುತ್ತಿರಲಿಲ್ಲ ಅಂತ ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ.

ಹಳೇ ಪಟ್ಟಿ ಯಾಕೆ ಬದಲಿಸಲಿಲ್ಲ ಅಂತ ಟೀಚರಿಗೆ ಕಾರಣ ಕೇಳಿ ನೋಟಿಸು ಬಂತು. ಅವರು ಔರಾದಿಗೆ ಹೋಗಿ ಹೊಸ ಪಟ್ಟಿ ತಂದು ನನ್ನ ಕೈಗೇ ಕೊಟ್ಟರು.

“ನೀ ಹೇಳಿದ್ದು ನನಗ ನೆನಪೇ ಇಲ್ಲ ನೋಡವ್ವ” ಅಂದರು. “ತಪ್ಪು ನಂದೇ.”

ನಾನು ಹೇಳಿರಲೇ ಇಲ್ಲ. ಪಟ್ಟಿ ಇಸಿದುಕೊಂಡು, ಮುಂದಿನ ಕೂಸನ್ನು ಕರೆದೆ.